ಹಳೆಯ ಹೇರಿನ ಗಾಡಿ: ಗುರುತಿಸುವುದು, ಹೋಲಿಸುವುದು, ಬೆಲೆ ಕಟ್ಟುವುದು

ಸುಗ್ಗಿಯ ಕಾಲದಲ್ಲಿ ಕಣದಿಂದ ಮನೆಗೆ, ಮನೆಯಿಂದ ಸಂತೆಗೆ ರಾಗಿ, ಜೋಳ, ಭತ್ತದ ಚೀಲಗಳನ್ನು ಹೇರುತ್ತಿದ್ದ ಮರದ ಗಾಡಿಗಳು ಟ್ರ್ಯಾಕ್ಟರ್ ಟ್ರೇಲರ್ ಬಂದ ಮೇಲೆ ಹಿತ್ತಿಲಿಗೋ ಕೊಟ್ಟಿಗೆಗೋ ಸೇರಿ, ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಕೊಳ್ಳುವವರಲ್ಲಿ ತೋಟದ ಮನೆಯ ಅಂಗಳಕ್ಕೆ ಗಾಡಿ ಬೇಕೆನ್ನುವವರಿದ್ದಾರೆ, ಹೋಂಸ್ಟೇ ಮತ್ತು ಹೋಟೆಲ್ ನಡೆಸುವವರಿದ್ದಾರೆ, ಹಳೆಯ ಬೇಸಾಯದ ಸಾಮಾನುಗಳನ್ನು ಕೂಡಿಡುವವರಿದ್ದಾರೆ, ಇಂದಿಗೂ ಎತ್ತು ಕಟ್ಟುವ ರೈತರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಬಗೆಯ ಗಾಡಿ ಒಪ್ಪುವುದಿಲ್ಲ, ಒಂದೇ ಬೆಲೆಯೂ ಸಲ್ಲುವುದಿಲ್ಲ. ಮಾರುವವರು ಸಾಮಾನ್ಯವಾಗಿ ವಯಸ್ಸನ್ನು ಮುಂದಿಟ್ಟು ಬೆಲೆ ಹೇಳುತ್ತಾರೆ. ನಾನು ಈ ಬರಹದಲ್ಲಿ ಗಾಲಿಗಳ ಸ್ಥಿತಿಯನ್ನು ಮೊದಲು, ಗಾಡಿಯ ಭಾಗಗಳೆಲ್ಲ ಮೂಲದಿಂದಲೂ ಒಟ್ಟಿಗಿವೆಯೇ ಎಂಬುದನ್ನು ಎರಡನೆಯದಾಗಿ, ವಯಸ್ಸನ್ನು ಕೊನೆಯಲ್ಲಿ ಇಟ್ಟು ಬೆಲೆ ಕಟ್ಟುವ ಕ್ರಮವನ್ನು ವಿವರಿಸುತ್ತೇನೆ.

ವಯಸ್ಸಿನ ಮಾತನ್ನು ಎಷ್ಟು ನಂಬಬೇಕು

"ಟಿಪ್ಪುವಿನ ಕಾಲದ ಗಾಡಿ", "ಇನ್ನೂರು ವರ್ಷ ಹಳೆಯದು" ಎಂಬ ಮಾತುಗಳನ್ನು ಕೇಳಿದ ಕೂಡಲೇ ಕೊಳ್ಳುವವರು ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ನಮ್ಮ ನಾಡಿನಲ್ಲಿ ದೂರದ ಊರುಗಳಿಗೆ ಧಾನ್ಯ, ಉಪ್ಪು ಹೋಗುತ್ತಿದ್ದದ್ದು ಬಹುಮಟ್ಟಿಗೆ ಎತ್ತುಗಳ ಬೆನ್ನ ಮೇಲೆ, ಲಂಬಾಣಿಗರ ಹೇರೆತ್ತಿನ ಸಾಲುಗಳಲ್ಲಿ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದಾಗ ಊರೂರುಗಳ ನಡುವೆ ಮತ್ತು ಘಟ್ಟಗಳಲ್ಲಿ ರಸ್ತೆಗಳು ಆದವು, ಗಾಡಿಯ ಸಂಚಾರ ಹೆಚ್ಚಿದ್ದು ಆ ರಸ್ತೆಗಳ ಜೊತೆಗೆ. ಅದಕ್ಕೂ ಮೊದಲು ಹೊಲಮನೆಯ ಬಂಡಿಗಳು ಇರಲಿಲ್ಲವೆಂದಲ್ಲ, ಆದರೆ ಆ ಕಾಲದ ಬಂಡಿಯೊಂದು ಗಾಲಿ ಸಮೇತ ಇಂದಿಗೂ ಉಳಿದು ಮಾರಾಟಕ್ಕೆ ಬಂದಿದೆಯೆಂದರೆ ಅದಕ್ಕೆ ಗಟ್ಟಿಯಾದ ಪುರಾವೆ ಬೇಕು.

ಎರಡನೆಯ ಕಾರಣ ಗಾಡಿಯ ಸ್ವಭಾವದಲ್ಲೇ ಇದೆ. ಬಿಸಿಲು, ಮಳೆ, ಕೆಸರಿನಲ್ಲಿ ದುಡಿಯುವ ಗಾಡಿಯ ಭಾಗಗಳು ಒಂದೇ ಸಲಕ್ಕೆ ಸವೆಯುವುದಿಲ್ಲ. ನೊಗ ಮುರಿದರೆ ಹೊಸ ನೊಗ ಬರುತ್ತದೆ, ಹಾಸಿನ ಹಲಗೆ ಕೊಳೆತರೆ ಹಲಗೆ ಬದಲಾಗುತ್ತದೆ, ಗಾಲಿಯ ಒಂದೆರಡು ಅರೆ (ಕಡ್ಡಿ) ಸಡಿಲವಾದರೆ ಬಡಗಿ ಅವಷ್ಟನ್ನೇ ತೆಗೆದು ಬೇರೆ ಕೂರಿಸುತ್ತಾನೆ. ಆದ್ದರಿಂದ ಒಂದು ಗಾಡಿಗೆ ಒಂದೇ ವಯಸ್ಸು ಇರುವುದು ಅಪರೂಪ. ಅಜ್ಜನ ಕಾಲದ ಅಚ್ಚು, ಅಪ್ಪನ ಕಾಲದ ಗಾಲಿ, ಮಗನ ಕಾಲದ ಹಾಸು ಒಂದೇ ಗಾಡಿಯಲ್ಲಿ ಇರಬಹುದು, ಅದು ದುಡಿದ ಗಾಡಿಯ ಸಹಜ ಚರಿತ್ರೆಯೇ ಹೊರತು ದೋಷವಲ್ಲ. ದುಡಿಮೆಗಾಗಿ ಮಾಡಿದ ಇಂಥ ದುರಸ್ತಿಗೂ ಮಾರುವುದಕ್ಕಾಗಿ ಈಚೆಗೆ ಮಾಡಿದ ಜೋಡಣೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದೇ ಬೆಲೆ ಕಟ್ಟುವವರ ಮುಖ್ಯ ಕೆಲಸ.

ಕಾಲವನ್ನು ಅಂದಾಜು ಮಾಡಲು ಕೆಲವು ಗುರುತುಗಳಿವೆ. ಪುರಸಭೆಗಳು ಗಾಡಿಗೆ ತೆರಿಗೆ ವಿಧಿಸಿ ಕೊಡುತ್ತಿದ್ದ ತಗಡಿನ ಬಿಲ್ಲೆ ಎಲ್ಲಿಯಾದರೂ ಮೊಳೆ ಹೊಡೆದುಕೊಂಡು ಉಳಿದಿದ್ದು, ಅದರ ಮೇಲೆ ಮೈಸೂರು ರಾಜ್ಯ ಎಂದಿದ್ದರೆ ಆ ಬಿಲ್ಲೆ 1973ರ ನವೆಂಬರ್ 1ರ ನಾಮಕರಣಕ್ಕಿಂತ ಹಿಂದಿನದು. ತೊಲೆಗಳ ಅಡಿಭಾಗದಲ್ಲಿ ಬಾಚಿಯ ಏಟಿನ ಸಣ್ಣ ಸಣ್ಣ ತಗ್ಗುಗಳು ಕಂಡರೆ ಅದು ಕೈಯಲ್ಲಿ ಕೆತ್ತಿದ ಮರ, ಸಮಾನ ಅಂತರದ ಗೆರೆಗಳು ಕಂಡರೆ ಯಂತ್ರದ ಗರಗಸದಲ್ಲಿ ಕೊಯ್ದದ್ದು. ಹಳೆಯ ಕಬ್ಬಿಣದ ಕೆಲಸದಲ್ಲಿ ಬಡಿದು ಅಗಲಿಸಿದ ರಿವೆಟ್ಟುಗಳೂ ಚೌಕ ನಟ್ಟುಗಳೂ ಹೆಚ್ಚು, ಆರು ಮೂಲೆಯ ನಟ್ಟುಗಳು ಈಚಿನವು. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ವಯಸ್ಸನ್ನು ಸಾಬೀತು ಮಾಡುವುದಿಲ್ಲ, ಮೂರು ನಾಲ್ಕು ಗುರುತುಗಳು ಒಂದೇ ಕಡೆಗೆ ಬೊಟ್ಟು ಮಾಡಿದಾಗ ಮಾತ್ರ ಅಂದಾಜು ನಿಲ್ಲುತ್ತದೆ.

ಗಾಲಿಯನ್ನು ನೋಡುವ ಬಗೆ

ಗಾಡಿಯಲ್ಲಿ ಅತ್ಯಂತ ಕಷ್ಟದ ಕೆಲಸವೆಂದರೆ ಗಾಲಿ, ಇಂದು ಹೊಸದಾಗಿ ಮಾಡಿಸಲು ಅತ್ಯಂತ ದುಬಾರಿಯಾದದ್ದೂ ಅದೇ. ನಡುವೆ ಗುಂಬ, ಗುಂಬದಿಂದ ಹೊರಡುವ ಅರೆಗಳು, ಅರೆಗಳ ತುದಿಯನ್ನು ಹಿಡಿದಿರುವ ಬಾಗಿದ ಮರದ ತುಂಡುಗಳು, ಅವೆಲ್ಲವನ್ನೂ ಸುತ್ತಿ ಬಿಗಿದಿರುವ ಕಬ್ಬಿಣದ ಹಳಿ, ಇಷ್ಟೇ ಅದರ ರಚನೆ. ಇದರಲ್ಲಿ ಅಂಟಿಲ್ಲ. ಹಳಿಯನ್ನು ಮರದ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಇಕ್ಕಳಗಳಲ್ಲಿ ಹಿಡಿದು ಗಾಲಿಯ ಮೇಲೆ ಇಳಿಸಿ, ಮರ ಹೊತ್ತಿ ಉರಿಯುವ ಮೊದಲೇ ನೀರು ಸುರಿಯುತ್ತಾರೆ. ತಣ್ಣಗಾದ ಹಳಿ ಕುಗ್ಗಿ ಅರೆಗಳನ್ನೆಲ್ಲ ಗುಂಬದೊಳಕ್ಕೆ ಒತ್ತುತ್ತದೆ. ಒಬ್ಬ ಬಡಗಿ, ಒಬ್ಬ ಕಮ್ಮಾರ, ಹಿಡಿಯಲು ನಾಲ್ಕಾರು ಜನ ಇಲ್ಲದೆ ಈ ಕೆಲಸ ಆಗುವುದಿಲ್ಲ. ಇದನ್ನು ಮಾಡಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಗಟ್ಟಿಯಾದ ಜೋಡಿ ಗಾಲಿಯ ಬೆಲೆ ಮೇಲೆ ಹೋಗುವುದು ನ್ಯಾಯವೇ ಆಗಿದೆ.

ಪರೀಕ್ಷೆಗೆ ಮೊದಲು ಗಾಡಿಯ ಅಚ್ಚಿನ ಕೆಳಗೆ ಕಲ್ಲು ಅಥವಾ ಮರದ ದಿಮ್ಮಿ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಬೇಕು. ಕೈಯಿಂದ ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿಯನ್ನು ಅಲುಗದಂತೆ ಹಿಡಿದರೆ ಗಾಲಿ ಎಷ್ಟು ಓಲಾಡುತ್ತದೆ ಎಂಬುದು ಕಡ್ಡಿಗೂ ಹಳಿಗೂ ನಡುವಿನ ಸಂದಿಯಲ್ಲೇ ಕಾಣುತ್ತದೆ. ಆ ಓಲಾಟ ಗುಂಬದೊಳಗಿನ ಕಬ್ಬಿಣದ ಬುಷ್ ಸವೆದದ್ದರಿಂದಲೂ ಬರಬಹುದು, ಅರೆಗಳು ಸಡಿಲವಾದದ್ದರಿಂದಲೂ ಬರಬಹುದು. ಗಾಲಿಯನ್ನು ನಿಲ್ಲಿಸಿ ಎರಡು ಕೈಯಲ್ಲಿ ಹಿಡಿದು ಅಚ್ಚಿನ ಕಡೆಗೂ ಹೊರಗೂ ಅಲುಗಿಸಿದಾಗ ಗುಂಬವೇ ಅಲುಗಿದರೆ ಬುಷ್ ಸವೆದಿದೆ ಎಂದರ್ಥ, ಅದು ಸರಿಪಡಿಸಬಹುದಾದ ದೋಷ. ಗುಂಬ ಸ್ಥಿರವಾಗಿದ್ದು ಅರೆಗಳ ಬುಡದಲ್ಲಿ ಚಲನೆ ಕಂಡರೆ ಬೆಲೆಯನ್ನು ಧಾರಾಳವಾಗಿ ಇಳಿಸಬೇಕು. ಒಂದೊಂದು ಅರೆಯನ್ನೂ ಮರದ ಕೊಡತಿಯಿಂದ ತಟ್ಟಿದಾಗ ಬಿಗಿಯಾದ ಅರೆ ಖಣಿಲ್ಲೆನ್ನುತ್ತದೆ, ಸಡಿಲವಾದದ್ದು ಅಥವಾ ಒಳಗೆ ಕುಟ್ಟೆ ಹುಳು ಹಿಡಿದದ್ದು ಮಂದವಾಗಿ ಸದ್ದು ಮಾಡುತ್ತದೆ. ಗುಂಬದಲ್ಲಿ ಎಳೆಯ ಉದ್ದಕ್ಕೆ ಸಣ್ಣ ಬಿರುಕುಗಳಿರುವುದು ಸಾಮಾನ್ಯ, ಆದರೆ ಒಂದು ಅರೆಯ ತೂತಿನಿಂದ ಪಕ್ಕದ ಅರೆಯ ತೂತಿಗೆ ಬಿರುಕು ದಾಟಿದ್ದರೆ ಆ ಗುಂಬ ಇನ್ನು ಭಾರ ಹೊರುವುದಿಲ್ಲ.

ಹಳಿಗೂ ಮರಕ್ಕೂ ನಡುವೆ ಸಂದಿ ಕಂಡರೆ ಗಾಬರಿಯಾಗುವ ಮೊದಲು ತಿಂಗಳು ಯಾವುದೆಂದು ನೋಡಬೇಕು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಹಳಿ ಸಡಿಲವಾಗುತ್ತದೆ. ರೈತರು ಹಿಂದೆ ಗಾಲಿಗಳನ್ನು ಕಳಚಿ ಕೆರೆಯಲ್ಲೋ ಹಳ್ಳದಲ್ಲೋ ನೆನೆಹಾಕುತ್ತಿದ್ದದ್ದು ಇದಕ್ಕಾಗಿಯೇ. ಏಪ್ರಿಲ್‌ನಲ್ಲಿ ಬೆರಳುಗುರು ತೂರುವಷ್ಟು ಸಂದಿ ಇದ್ದರೆ ಅದು ಮಳೆಗಾಲಕ್ಕೆ ಮುಚ್ಚಿಕೊಳ್ಳಬಹುದು, ಆಗಸ್ಟಿನಲ್ಲೂ ಅಷ್ಟೇ ಸಂದಿ ಇದ್ದರೆ ಮರ ತನ್ನ ಜೀವ ಕಳೆದುಕೊಂಡಿದೆ. ಹಳಿಯ ಬೆಸುಗೆಯನ್ನು ಹುಡುಕಿ ನೋಡುವುದೂ ಅಗತ್ಯ. ಕುಲುಮೆಯಲ್ಲಿ ಎರಡು ತುದಿಗಳನ್ನು ಓರೆಯಾಗಿ ಒಂದರ ಮೇಲೊಂದಿಟ್ಟು ಬಡಿದು ಕೂಡಿಸಿದ ಜಾಗ ಸ್ವಲ್ಪ ಅಗಲವಾಗಿ, ನಯವಾಗಿ ಹರಡಿಕೊಂಡಿರುತ್ತದೆ. ವಿದ್ಯುತ್ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಉಬ್ಬಿದ ಗೆರೆಯಿರುತ್ತದೆ, ಇಲ್ಲವೇ ಆ ಗೆರೆಯನ್ನು ಉಜ್ಜಿ ತೆಗೆದ ಗುರುತಿರುತ್ತದೆ. ವೆಲ್ಡಿಂಗ್ ಇದ್ದ ಮಾತ್ರಕ್ಕೆ ಗಾಲಿ ಕೆಟ್ಟದ್ದೆಂದಲ್ಲ, ಆದರೆ ಅದನ್ನು ಶತಮಾನದ ಹಿಂದಿನ ಹಳಿ ಎಂದು ಮಾರುವುದು ಸರಿಯಲ್ಲ.

ಮರದ ಗುರುತೂ ಬೆಲೆಯಲ್ಲಿ ಸೇರುತ್ತದೆ. ಬಯಲುಸೀಮೆಯ ಗಾಲಿಗಳಲ್ಲಿ ಕರಿಜಾಲಿಯೇ ಪ್ರಧಾನ. ಅದು ಭಾರವಾದ, ಕೆಂಗಂದು ಬಣ್ಣದ, ಪೆಟ್ಟು ತಾಳುವ ಮರ. ಮಲೆನಾಡಿನ ಅಂಚಿನ ಊರುಗಳಲ್ಲಿ ಮತ್ತಿ, ಹೊನ್ನೆ, ತೇಗ ಹೆಚ್ಚು ಕಾಣುತ್ತವೆ, ದಿಂಡಿಗದ ಮರ ಮರದಚ್ಚಿನ ಕಾಲದಲ್ಲಿ ಅಚ್ಚಿಗೆ ಹೆಸರಾಗಿತ್ತು. ಹೊನ್ನೆಯನ್ನು ಗುರುತಿಸಲು ಒಂದು ಸುಲಭವಾದ ದಾರಿಯಿದೆ: ಅಡಿಭಾಗದಿಂದ ಚಿಟಿಕೆಯಷ್ಟು ಚಕ್ಕೆ ಕೆರೆದು ಗಾಜಿನ ಲೋಟದ ನೀರಿನಲ್ಲಿ ಹಾಕಿಟ್ಟರೆ ನೀರು ಹಳದಿಗೆ ತಿರುಗಿ, ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಛಾಯೆ ಹೊಳೆಯುತ್ತದೆ. ಇಡೀ ಗಾಡಿ ತೇಗದ್ದು ಎಂದು ಹೇಳಿದರೆ ಗಾಲಿಯನ್ನು ಬೇರೆಯಾಗಿ ನೋಡಬೇಕು, ಏಕೆಂದರೆ ತಿಳಿದ ಬಡಗಿಗಳು ಹಾಸಿಗೂ ತೊಲೆಗೂ ತೇಗ ಬಳಸಿದರೂ ಗುಂಬಕ್ಕೆ ಇನ್ನೂ ಗಡುಸಾದ ಮರವನ್ನು ಆರಿಸುತ್ತಿದ್ದರು.

ನಾಲ್ಕು ಬಗೆಗಳ ಹೋಲಿಕೆ

ಮಾರಾಟಕ್ಕೆ ಬರುವ ಗಾಡಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಮೊದಲನೆಯದು ಮರದ ಗಾಲಿಯ ದೊಡ್ಡ ಹೇರಿನ ಗಾಡಿ. ಹಳೇ ಮೈಸೂರಿನಲ್ಲಿ ಇದನ್ನು ಗಾಡಿ, ಬಂಡಿ ಎಂದೂ ಧಾರವಾಡ, ಬೆಳಗಾವಿಯ ಕಡೆ ಚಕ್ಕಡಿ ಎಂದೂ ಕರೆಯುತ್ತಾರೆ. ಎರೆ ನೆಲದ ಊರುಗಳಲ್ಲಿ ಮಳೆ ಬಿದ್ದ ಮೇಲೆ ಜಿಗುಟು ಮಣ್ಣು ಗಾಲಿಗೆ ಮೆತ್ತಿಕೊಳ್ಳುವುದರಿಂದ ಅಲ್ಲಿ ಎತ್ತರದ ಗಾಲಿ ಉಪಯುಕ್ತ. ಧಾನ್ಯ ಹೇರಿದ ಗಾಡಿಯನ್ನು ಅದರ ಸವೆತವೇ ತೋರಿಸಿಕೊಡುತ್ತದೆ. ಚೀಲಗಳನ್ನು ಹಿಂದಿನಿಂದ ಎಳೆದು ಹಾಕಿದ್ದರಿಂದ ಹಾಸಿನ ಹಿಂದಿನ ಅಂಚು ದುಂಡಗಾಗಿರುತ್ತದೆ, ಪಕ್ಕದ ಗೂಟಗಳ ಬುಡದಲ್ಲಿ ಹಗ್ಗ ಉಜ್ಜಿದ ಗೀರುಗಳಿರುತ್ತವೆ, ನೊಗದ ಕೆಳಮೈ ಎತ್ತಿನ ಹೆಗಲು ತಾಗುವ ಎರಡೇ ಕಡೆ ಗಾಜಿನಷ್ಟು ನುಣುಪಾಗಿರುತ್ತದೆ. ಗಾಲಿ ಕಳಚಿ ಬೀಳದಂತೆ ಅಚ್ಚಿನ ತುದಿಗೆ ತೂರಿಸುವ ಕಡಾಣಿ ಕೂರುವ ತೂತು ವರ್ಷಗಟ್ಟಲೆ ತಿಕ್ಕಾಟದಿಂದ ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ, ಅಚ್ಚಿನ ಸುತ್ತ ಹರಳೆಣ್ಣೆಗೆ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ ಪದರು ಪದರಾಗಿ ಗಟ್ಟಿಯಾಗಿರುತ್ತದೆ. ಕೂಡಿಡುವವರಿಗೆ ಈ ಬಗೆಯೇ ಸರಿ. ದೊಡ್ಡ ಅಂಗಳವಿದ್ದು ಮೇಲೆ ಚಾವಣಿ ಹಾಕಿಸಬಲ್ಲವರಿಗೂ ಒಪ್ಪುತ್ತದೆ. ಬಯಲಿನಲ್ಲಿ ಮಳೆಗೆ ಬಿಡುವವರು ಇದನ್ನು ಕೊಳ್ಳಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ನೆಲಕ್ಕೆ ತಾಗಿರುವ ಗಾಲಿಯ ಭಾಗವನ್ನು ಗೆದ್ದಲು ಮತ್ತು ತೇವ ಕೆಲವೇ ಮಳೆಗಾಲಗಳಲ್ಲಿ ತಿಂದುಬಿಡುತ್ತವೆ.

ಎರಡನೆಯದು ಸವಾರಿ ಗಾಡಿ, ಉತ್ತರದಲ್ಲಿ ಕೊಲ್ಲಾರಿ ಎನ್ನುವ ಹಗುರ ಬಂಡಿ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ, ಮೈಲಾರದ ಜಾತ್ರೆಗೆ ಕುಟುಂಬ ಸಮೇತ ಹೋಗುತ್ತಿದ್ದವರು ಕಮಾನು ಕಟ್ಟಿ ಹೊರಡುತ್ತಿದ್ದದ್ದು ಇಂಥವುಗಳಲ್ಲಿ. ಕೆತ್ತನೆ, ಹಿತ್ತಾಳೆಯ ಕಟ್ಟು, ಗಾಲಿಯ ಗೆಜ್ಜೆ ಇದರಲ್ಲಿ ಹೆಚ್ಚು ಇರುವುದರಿಂದ ನೋಡಲು ಸೊಗಸು, ಜಾಗವೂ ಕಡಿಮೆ ಸಾಕು. ಆದರೆ ಇದನ್ನು ಧಾನ್ಯದ ಗಾಡಿ ಎಂದು ಮಾರಿದರೆ ಒಪ್ಪಬೇಕಾಗಿಲ್ಲ. ಕೆತ್ತನೆಯ ತಗ್ಗುಗಳಲ್ಲಿ ಹಳೆಯ ಧೂಳು, ಬಣ್ಣ ಕೂತಿದೆಯೇ ಅಥವಾ ಉಳಿಯ ಗುರುತು ಬಿಳಿಚಿಕೊಂಡು ಹೊಸದಾಗಿ ಕಾಣುತ್ತಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಸಾದಾ ಗಾಡಿಗೆ ಈಚೆಗೆ ಕೆತ್ತನೆ ಮಾಡಿಸಿ ಬೆಲೆ ಏರಿಸುವುದು ಗಾಡಿಗೂ ಅನ್ಯಾಯ, ಕೊಳ್ಳುವವರಿಗೂ ಅನ್ಯಾಯ.

ಮೂರನೆಯದು ಟೈರ್ ಗಾಡಿ. ಮಾರುಕಟ್ಟೆಯಲ್ಲಿ ಇದಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂಬುದು ನನ್ನ ಭಾವನೆ. ಕಬ್ಬಿಣದ ಹಳಿ ರಸ್ತೆಯನ್ನು ಕೊರೆಯುತ್ತದೆ, ಎತ್ತಿನ ಹೆಗಲಿಗೆ ಪ್ರತಿಯೊಂದು ಕುಲುಕನ್ನೂ ದಾಟಿಸುತ್ತದೆ. ಗಾಳಿ ತುಂಬಿದ ಟೈರು ಮತ್ತು ಬೇರಿಂಗ್ ಇರುವ ಅಚ್ಚು ಈ ಎರಡೂ ತೊಂದರೆಗಳನ್ನು ತಗ್ಗಿಸುತ್ತವೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದದ್ದು ಪ್ರಾಣಿಗಳ ಈ ನೋವನ್ನು ಗಮನದಲ್ಲಿಟ್ಟುಕೊಂಡೇ. ಭಾರ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರ ನಿಯಮಗಳು ದೊಡ್ಡ ಎತ್ತಿನ ಎರಡು ಚಕ್ರದ ಗಾಡಿಗೆ ಗಾಳಿಯ ಟೈರ್ ಇಲ್ಲದಿದ್ದರೆ 900 ಕಿಲೋ, ಇದ್ದರೆ 1350 ಕಿಲೋ ಎಂದು ಮಿತಿ ಹಾಕಿರುವುದರಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ. ದುಡಿಮೆಗೆ ಗಾಡಿ ಬೇಕಾದವರು ಹಳೆಯ ಮರದ ಗಾಲಿಯ ಆಸೆ ಬಿಟ್ಟು ಇದನ್ನೇ ಕೊಳ್ಳಬೇಕು. ಟೈರಿನ ಪಕ್ಕದಲ್ಲಿ ಎ.ಡಿ.ವಿ. ಎಂಬ ಅಕ್ಷರಗಳಿದ್ದರೆ ಅದು ಗಾಡಿಗೆಂದೇ ತಯಾರಾದ ಟೈರು, ಇಲ್ಲದಿದ್ದರೆ ಯಾವುದೋ ಮೋಟಾರು ವಾಹನದ ಗುಜರಿ ಚಕ್ರವನ್ನು ಜೋಡಿಸಿದ್ದಾರೆ ಎಂದು ತಿಳಿಯಬೇಕು. ಗಾಡಿಗೆಂದೇ ಮಾಡಿದ ಅಚ್ಚು, ಮೂಲದ ಮರದ ಮೈ, ಹಳೆಯ ಬಣ್ಣ ಮೂರೂ ಉಳಿದ ಟೈರ್ ಗಾಡಿಗಳೂ ಈಗ ಕಡಿಮೆಯಾಗುತ್ತಿವೆ, ಕೂಡಿಡುವವರು ಇವುಗಳತ್ತ ಇಂದೇ ಗಮನ ಕೊಡುವುದು ಒಳ್ಳೆಯದು.

ನಾಲ್ಕನೆಯದು ಜೋಡಿಸಿದ ಗಾಡಿ. ಒಂದು ಊರಿನ ಗಾಲಿ, ಇನ್ನೊಂದು ಊರಿನ ನೊಗ, ಹೊಸ ಹಲಗೆಯ ಹಾಸು ಸೇರಿಸಿ, ಮೇಲೆ ಕಡುಗಂದು ಪಾಲಿಶ್ ಬಳಿದು ನಿಲ್ಲಿಸಿರುತ್ತಾರೆ. ಪತ್ತೆ ಹಚ್ಚುವುದು ಅಷ್ಟೇನೂ ಕಷ್ಟವಲ್ಲ. ಎರಡೂ ಗಾಲಿಗಳ ಎತ್ತರವನ್ನು ಟೇಪಿನಲ್ಲಿ ಅಳೆದು, ಅರೆಗಳನ್ನು ಎಣಿಸಿ, ಗುಂಬಗಳ ಉದ್ದವನ್ನು ಹೋಲಿಸಿದರೆ ಜೋಡಿ ನಿಜವೋ ಅಲ್ಲವೋ ಎಂಬುದು ಗೊತ್ತಾಗುತ್ತದೆ. ಅಚ್ಚು ಕೂರುವ ತೊಲೆಯಲ್ಲಿ ಬಳಕೆಯಿಲ್ಲದ ಹಳೆಯ ತೂತುಗಳಿದ್ದರೆ ಅಲ್ಲಿ ಹಿಂದೆ ಬೇರೊಂದು ಅಚ್ಚು ಇತ್ತು. ದುಡಿಮೆಯ ಸವೆತ ಕೈ, ಹಗ್ಗ, ಹೆಗಲು ತಾಗುವ ಕಡೆ ಮಾತ್ರ ಇರುತ್ತದೆ, ಉಜ್ಜುಕಾಗದದ ಸವೆತ ಎಲ್ಲ ಕಡೆಯೂ ಒಂದೇ ಸಮ ಇರುತ್ತದೆ. ಹೋಟೆಲಿನ ಮುಂಭಾಗಕ್ಕೆ, ಹೂವಿನ ಕುಂಡ ಇಡುವುದಕ್ಕೆ ಜೋಡಿಸಿದ ಗಾಡಿಯೇ ಸಾಕು, ಮೂಲದ ಗಾಡಿಯನ್ನು ಅದಕ್ಕಾಗಿ ಬಿಸಿಲು ಮಳೆಗೆ ಒಡ್ಡುವುದು ತಪ್ಪು. ಆದರೆ ಜೋಡಿಸಿದ್ದು ಜೋಡಿಸಿದ್ದರ ಬೆಲೆಗೇ ಸಿಗಬೇಕು.

ಕಣ್ಣು ಪಳಗಿಸಿಕೊಳ್ಳಲು ಇಚ್ಛಿಸುವವರು ರಾಮನಗರದ ಜಾನಪದ ಲೋಕಕ್ಕೂ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೂ ಹೋಗಿ, ಅಲ್ಲಿನ ಬೇಸಾಯದ ಮತ್ತು ಮನೆಬಳಕೆಯ ಮರದ ಸಾಮಾನುಗಳ ಸವೆತ ಎಲ್ಲೆಲ್ಲಿ ಹೇಗಿದೆ ಎಂಬುದನ್ನು ನಿಧಾನವಾಗಿ ನೋಡಬಹುದು.

ಬೆಲೆ ಕಟ್ಟುವ ಕ್ರಮ

ಚೌಕಾಶಿಗೆ ಮೊದಲು ಕನಿಷ್ಠ ಬೆಲೆಯನ್ನು ಲೆಕ್ಕ ಹಾಕಿಕೊಳ್ಳಬೇಕು. ಕಬ್ಬಿಣದ ತೂಕವನ್ನು ಕಳಚದೆಯೂ ಅಂದಾಜು ಮಾಡಬಹುದು. ಒಂದೂವರೆ ಮೀಟರ್ ಎತ್ತರದ ಗಾಲಿಯ ಹಳಿ 5 ಸೆಂಟಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪ ಇದ್ದರೆ ಅದರ ತೂಕ ಸುಮಾರು 22 ಕಿಲೋ, ಜೋಡಿಗೆ 44 ಕಿಲೋ. ಅದೇ ಹಳಿ ಸವೆದು 6 ಮಿಲಿಮೀಟರಿಗೆ ಇಳಿದಿದ್ದರೆ ತೂಕವೂ ಅರ್ಧ, ಉಳಿದ ಆಯುಸ್ಸೂ ಅಷ್ಟೇ. ಇದಕ್ಕೆ ಅಚ್ಚಿನ ತೂಕ ಸೇರಿಸಿ ಆ ದಿನದ ಗುಜರಿ ದರದಿಂದ ಗುಣಿಸಿ, ಗಟ್ಟಿಯಾಗಿರುವ ತೊಲೆ, ಹಲಗೆಗಳನ್ನು ಘನ ಅಡಿಯಲ್ಲಿ ಅಳೆದು ಹಳೆಯ ಮರದ ಸ್ಥಳೀಯ ದರ ಹಾಕಿದರೆ ಬರುವ ಮೊತ್ತವೇ ತಳದ ಬೆಲೆ. ಇದಕ್ಕಿಂತ ಕಡಿಮೆಗೆ ಕೇಳುವುದು ಮಾರುವ ರೈತನಿಗೆ ಮೋಸ ಮಾಡಿದಂತೆ, ಏಕೆಂದರೆ ಅಷ್ಟು ಹಣವನ್ನು ಗುಜರಿಯವನೂ ಕೊಡುತ್ತಾನೆ.

ಮೇಲಿನ ಮಿತಿಗೆ ಹತ್ತಿರದ ಬಡಗಿಯೊಬ್ಬನನ್ನು ಕೇಳಿ ಅಂಥದೇ ಜೋಡಿ ಗಾಲಿಯನ್ನು ಹೊಸದಾಗಿ ಮಾಡಿಸಲು ಮರ, ಕಬ್ಬಿಣ, ಕೂಲಿ ಸೇರಿ ಎಷ್ಟಾಗುತ್ತದೆ ಎಂದು ತಿಳಿಯಬೇಕು. ಈ ಎರಡು ಮೊತ್ತಗಳ ನಡುವೆ ಗಾಡಿಯ ಜಾಗ ಎಲ್ಲಿ ಎಂಬುದನ್ನು ಗಾಲಿಯ ಬಿಗಿ, ಜೋಡಿಯ ಸಾಚಾತನ, ಮೂಲದ ನೊಗ ಮತ್ತು ಕಡಾಣಿ ಉಳಿದಿವೆಯೇ, ಹಳೆಯ ಬಣ್ಣ ಅಥವಾ ಬಿಲ್ಲೆ ಇದೆಯೇ, ಯಾವ ಊರಿನ ಯಾವ ಮನೆಯಲ್ಲಿ ದುಡಿಯಿತು ಎಂಬುದು ಗೊತ್ತಿದೆಯೇ ಎಂಬ ಅಂಶಗಳು ನಿರ್ಧರಿಸುತ್ತವೆ. ಕೊನೆಯದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಮಾಡಿದ ಬಡಗಿಯ ಊರು, ಹೇರುತ್ತಿದ್ದ ಬೆಳೆ, ಹೋಗುತ್ತಿದ್ದ ಸಂತೆ ಇವಿಷ್ಟನ್ನು ಮಾರುವ ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡ ಗಾಡಿ, ಹೆಸರಿಲ್ಲದೆ ದಲ್ಲಾಳಿಯ ಗೋದಾಮಿನಲ್ಲಿ ನಿಂತಿರುವ ಗಾಡಿಗಿಂತ ಹೆಚ್ಚಿನ ಬೆಲೆಗೆ ಅರ್ಹ. ಹೊಸ ಪಾಲಿಶ್, ಗಾಢ ಬಣ್ಣಕ್ಕೆ ಹೆಚ್ಚು ಹಣ ಕೊಡುವ ಅಗತ್ಯವೇ ಇಲ್ಲ. ಅವು ಬಿರುಕನ್ನೂ ಕುಟ್ಟೆಯ ತೂತನ್ನೂ ಮುಚ್ಚುತ್ತವೆ, ಒಮ್ಮೆ ಉಜ್ಜಿ ತೆಗೆದ ಹಳೆಯ ಮೈ ಮತ್ತೆ ಬರುವುದಿಲ್ಲ. ತೂತುಗಳಿಂದ ಹಿಟ್ಟಿನಂಥ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿದೆ, ಔಷಧಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಗಾಡಿಯನ್ನು ಬಿಟ್ಟು ಒಂದು ಗಾಲಿ ಮಾತ್ರ ಕೊಡಿ ಎಂದು ಕೇಳುವವರೂ ಬಹಳ. ಮೇಜಿಗೆ, ತೂಗುದೀಪಕ್ಕೆ, ಗೇಟಿಗೆ ಒಂಟಿ ಗಾಲಿ ಬೇಕಾಗುತ್ತದೆ. ಅದಕ್ಕೆ ಗುಂಬ ಒಡೆದ, ಜೋಡಿ ಕಳೆದುಕೊಂಡ ಗಾಲಿಗಳು ಬೇಕಾದಷ್ಟು ಸಿಗುತ್ತವೆ. ಗಟ್ಟಿಯಾದ ಜೋಡಿಯನ್ನು ಮುರಿಯಬಾರದೆಂದು ನಾನು ಕೇಳಿಕೊಳ್ಳುತ್ತೇನೆ. ಲೆಕ್ಕದ ದೃಷ್ಟಿಯಿಂದಲೂ ಜೋಡಿಯ ಬೆಲೆ ಎರಡು ಒಂಟಿ ಗಾಲಿಗಳ ಬೆಲೆಗಿಂತ ಹೆಚ್ಚು.

ಕಾಗದ ಮತ್ತು ಸಾಗಣೆ

ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚೀನ ವಸ್ತುಗಳ ಕಾಯಿದೆ ಅನ್ವಯವಾಗಬಹುದು, ಅಂಥವನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊರನಾಡಿನಲ್ಲಿರುವ ಕನ್ನಡಿಗರು ಊರಿನ ಗಾಡಿಯನ್ನು ಕೊಂಡೊಯ್ಯಲು ಬಯಸಿದರೆ ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ತೇಗ, ಬೀಟೆ, ಹೊನ್ನೆಯ ಗಾಡಿಯನ್ನು ಬಿಚ್ಚಿ ತೊಲೆಗಳಾಗಿ ಸಾಗಿಸುವಾಗ ದಾರಿಯಲ್ಲಿ ತಪಾಸಣೆಯವರು ಪ್ರಶ್ನಿಸಬಹುದಾದ್ದರಿಂದ, ಮಾರಿದವರ ಸಹಿಯಿರುವ ಪತ್ರವನ್ನೂ ಬಿಚ್ಚುವ ಮೊದಲು ತೆಗೆದ ಇಡೀ ಗಾಡಿಯ ಚಿತ್ರಗಳನ್ನೂ ಜೊತೆಗಿಟ್ಟುಕೊಳ್ಳಬೇಕು.

ಗಾಲಿಗಳನ್ನು ಕಳಚುವಾಗ ಎಡ, ಬಲ ಎಂದು ಗುಂಬದ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದು, ಆಯಾ ಗಾಲಿಯ ಕಡಾಣಿಯನ್ನು ಅದೇ ಗಾಲಿಗೆ ಕಟ್ಟಬೇಕು. ವರ್ಷಗಟ್ಟಲೆ ತಿರುಗಿದ ಬುಷ್ ತನ್ನ ಕಡೆಯ ಅಚ್ಚಿನ ತೋಳಿಗೆ ಹೊಂದಿಕೊಂಡೇ ಸವೆದಿರುತ್ತದೆ, ಅದಲು ಬದಲಾದರೆ ಗಾಲಿ ಮೊದಲಿಲ್ಲದ ಓಲಾಟ ಶುರುಮಾಡುತ್ತದೆ. ಲಾರಿಯಲ್ಲಿ ಗಾಲಿಗಳನ್ನು ಒಂದರ ಮೇಲೊಂದು ಮಲಗಿಸದೆ, ಗುಂಬಕ್ಕೆ ಭಾರ ಬೀಳದಂತೆ ನಿಲ್ಲಿಸಿ ಗೋಣಿಯ ನಡುವೆ ಕಟ್ಟಿಸಬೇಕು. ಮನೆಗೆ ಬಂದ ಮೇಲೆ ಅಚ್ಚಿನ ಕೆಳಗೆ ಕಲ್ಲಿನ ಕಂಬ ಕೊಟ್ಟು ಗಾಲಿಯ ಅಂಚು ನೆಲದಿಂದ ಎರಡು ಬೆರಳು ಮೇಲಿರುವಂತೆ ನಿಲ್ಲಿಸಿ, ವರ್ಷಕ್ಕೊಮ್ಮೆ ಬೇಸಿಗೆಗೆ ಮೊದಲು ಮರಕ್ಕೆ ಅಗಸೆ ಎಣ್ಣೆಯನ್ನೂ ಅಚ್ಚಿಗೆ ಕೀಲೆಣ್ಣೆಯನ್ನೂ ಹಚ್ಚಿದರೆ ಹಳಿ ಸಡಿಲವಾಗುವುದು ಬಹಳಷ್ಟು ತಗ್ಗುತ್ತದೆ.